ಇಪ್ಪತ್ತೆರಡು ಸಾವಿರ ಕಿಲೋಮೀಟರ್

ಸಕಲೇಶಪುರದ ಶಾಲೆಯೊಂದರ ಅಂಗಳದಲ್ಲಿ ಮೊನ್ನೆ ಹಳೆಯ ಭೂಪಟಗಳನ್ನು ಬಿಸಿಲಿಗೆ ಹರವಿದ್ದರು. ಬಟ್ಟೆಗೆ ಅಂಟಿಸಿದ ಕಾಗದ, ಹಳಸಿದ ಅಂಟು, ಜಿರಲೆ... ಆ ವಾಸನೆಗೆ ಯಸಳೂರಿನ ಮೇಷ್ಟ್ರು ನೆನಪಾದರು. ಬಹುವಚನ ರೂಢಿಯಿಂದ ಬರುತ್ತಿದೆ, ಗೌರವದಿಂದಲ್ಲ.

ನಮಗೆ ಭೂಗೋಳ ಹೇಳಿಕೊಟ್ಟವರು ಅವರು. ದೋಣಿಗಲ್ಲಿನ ಘಾಟಿ ಇಳಿಯುವಷ್ಟರಲ್ಲಿ ಬಸ್ಸಿನ ಕಿಟಕಿಯಿಂದ ವಾಂತಿ ಮಾಡಿಕೊಳ್ಳುತ್ತಿದ್ದ ಮನುಷ್ಯ, ಖಂಡಗಳ ಬಗ್ಗೆ ಮಾತ್ರ ಸ್ವಂತ ತೋಟದ ಹಾಗೆ ಮಾತಾಡುತ್ತಿದ್ದರು. ನಿವೃತ್ತರಾದ ದಿನ ಶಾಲೆಯ ಪ್ರಪಂಚದ ಭೂಪಟವನ್ನು ಸುತ್ತಿಕೊಂಡು ಮನೆಗೆ ಒಯ್ದರು. ಯಾರೂ ಕೇಳಲಿಲ್ಲ.

ಅಜ್ಜಿ ಬೆಳಗಿನ ಜಾವ ತೀರಿಕೊಂಡಾಗ ಅಮ್ಮ ವ್ಯಾಂಕೂವರಿನಲ್ಲಿದ್ದಳು, ನನ್ನ ಅಕ್ಕನ ಬಾಣಂತನಕ್ಕೆ ಹೋಗಿ. ವಿಷಯ ತಿಳಿಸಿದ್ದೆವು. ಮಧ್ಯಾಹ್ನ ಅವಳ ಫೋನು ಬಂತು. "ಈಗ ಇಮಾನ ಹತ್ತುತ್ತಾ ಇದೀನಿ, ಡೆಲ್ಲಿಗೆ. ಅವ್ವನ್ನ ನಾನು ಬರೋಗಂಟ..." ಅಷ್ಟಕ್ಕೆ ಲೈನು ಸತ್ತಿತು. ಎಲ್ಲೋ ಸಿಲ್ವರ್ ಓಕ್ ಮರ ತಂತಿಯ ಮೇಲೆ ಬಿದ್ದಿತ್ತು. ಮೊಬೈಲು ಆಗ ನಮ್ಮ ಕಡೆ ಹಿಡಿಯುತ್ತಿರಲಿಲ್ಲ. ಹೆಣವನ್ನು ಹೆಚ್ಚೆಂದರೆ ಮರುದಿನ ಸಂಜೆಯವರೆಗೆ ಇಡಬಹುದಿತ್ತು. ಅಷ್ಟರಲ್ಲಿ ಅಮ್ಮ ಬರುತ್ತಾಳೋ ಇಲ್ಲವೋ? ಮಾವ ಮೇಷ್ಟ್ರಿಗೆ ಹೇಳಿ ಕಳಿಸಿದ.

ಮೇಷ್ಟ್ರು ಭೂಪಟ ಸಮೇತ ಬಂದರು. ಅದನ್ನು ಗೋಡೆಗೆ ತೂಗುಹಾಕಿ, ಕಾಫಿ ಚೀಲ ಹೊಲಿಯುವ ದಾರ ತರಿಸಿ, ವ್ಯಾಂಕೂವರಿನಿಂದ ದೆಹಲಿಗೆ ಬಿಗಿಯಾಗಿ ಎಳೆಸಿದರು. ದಾರವನ್ನು ಭೂಪಟದ ಮೂಲೆಯಲ್ಲಿದ್ದ ಅಳತೆಪಟ್ಟಿಗೆ ಹಿಡಿದು ತುಟಿ ಅಲುಗಿಸಿದರು.

"ಘಾಟಿ ಗೀಟಿ ಸೇರ್ಸಿದ್ರಾ ಮೇಷ್ಟ್ರೇ?" ಅಂದ ಪಕ್ಕದ ಮನೆಯವನು.

"ಆಕಾಶದಾಗೆ ಎಂಥ ಘಾಟಿ ಮಾರಾಯ? ದಾರ ಹೆಂಗೈತೋ ಹಂಗೇ ನೆಟ್ಟಗೆ ಹೋಯ್ತದೆ. ಇಪ್ಪತ್ತೆರಡು ಸಾವ್ರ ಕಿಲೋಮೀಟರ್. ಡೆಲ್ಲಿಗೇ ಇಪ್ಪತ್ತೈದು ಗಂಟೆ. ನಾಳಿದ್ದು ಬಂದ್ರೆ ಪುಣ್ಯ. ಎತ್ತಿಬುಡಿ."

ಭೂಮಿಯ ಸುತ್ತಳತೆ ನಲವತ್ತು ಸಾವಿರ ಎಂದು ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದವರು ಇವರೇ. ಹಾಗಾದರೆ ಯಾವ ಎರಡು ಊರುಗಳ ನಡುವೆಯೂ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ದೂರ ಇರಲಾರದು. ಅಷ್ಟೂ ಹೊಳೆಯಲಿಲ್ಲ. ದುಂಡಗಿನ ಭೂಮಿಯನ್ನು ಚಪ್ಪಟೆ ಬಟ್ಟೆಯ ಮೇಲೆ ಅಳೆದರು. ವಿಮಾನ ಉತ್ತರ ಧ್ರುವದ ಕಡೆಯಿಂದ ಬಳಸಿಕೊಂಡು, ಅದರ ಅರ್ಧ ದೂರಕ್ಕೇ ದೆಹಲಿ ಮುಟ್ಟುತ್ತದೆ.

ಹೊಂಗಡಹಳ್ಳದ ನೆಂಟರು ಬಂದ ಮೇಲೆ, ಮರುದಿನ ಮಧ್ಯಾಹ್ನ ಮಣ್ಣು ಮಾಡಿದೆವು. ಅಮ್ಮ ಸಂಜೆ ಐದಕ್ಕೆ ಬಂದಳು. ಜೀಪಿನಿಂದ ಇಳಿದವಳು ತೊಳೆದ ಅಂಗಳ ನೋಡಿ ಅಲ್ಲೇ ಕೂತಳು.

ಸುದ್ದಿ ಮುಟ್ಟಿದಾಗ ಮೇಷ್ಟ್ರು ಅಂದದ್ದು ಇಷ್ಟೇ: "ಇಮಾನದೋನು ಜೋರಾಗಿ ಓಡ್ಸಿರ್ಬೇಕು ಕಣ್ರೀ."

ಲೆಕ್ಕ ತಪ್ಪೆಂದು ನಾನು ಅಂದೇ ಕೂಗಿ ಹೇಳಿದೆ ಎಂದು ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೇನೆ. ಸುಳ್ಳು. ಡಿಗ್ರಿ ಓದುತ್ತಿದ್ದ ನಾನು ಗೋಡೆಯ ಬಳಿ ನಿಂತಿದ್ದೆ, ದಾರದ ವ್ಯಾಂಕೂವರ್ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿಕೊಂಡು, ತುಸು ಹೆಮ್ಮೆಯಿಂದಲೇ...

ಮೇಷ್ಟ್ರು ಈಗಿಲ್ಲ. ಅವರನ್ನು ಕ್ಷಮಿಸುವ ಉಮೇದು ನನಗೂ ಇಲ್ಲ. ಅಮ್ಮ ಮಾತ್ರ ಈಗಲೂ, ಅವರೆಕಾಯಿ ಸುಲಿಯುತ್ತಲೋ ಬಟ್ಟೆ ಮಡಿಸುತ್ತಲೋ, ಇದ್ದಕ್ಕಿದ್ದಂತೆ ಕೇಳುತ್ತಾಳೆ: "ಅವ್ವನ ಮುಖ ಹೆಂಗಿತ್ತೋ?"

ನಿದ್ದೆ ಮಾಡಿದ ಹಾಗಿತ್ತು ಎನ್ನುತ್ತೇನೆ. ಕೆಲವೊಮ್ಮೆ, ನಗುತ್ತಿದ್ದ ಹಾಗಿತ್ತು ಎನ್ನುತ್ತೇನೆ. ನಾನು ಸರಿಯಾಗಿ ನೋಡಿರಲೇ ಇಲ್ಲ.

ನಿನ್ನೆ ನನ್ನ ಉತ್ತರ ಕೇಳಿ ಅವಳು ಕೈಕೆಲಸ ನಿಲ್ಲಿಸಿದಳು.

"ಹೋದ್ಸಲ ನೀನು ಬೇರೆ ಥರ ಹೇಳಿದ್ದೆ ಕಣೋ."