ಕೆರೆಯೊಳಗಿನ ಬಸ್ ಸ್ಟಾಪು

ಆರ್.ಟಿ. ನಗರದ ಮನೆಯಿಂದ ಹೊರಟಾಗ ಬೆಳಿಗ್ಗೆ ಎಂಟಾಗಿತ್ತು. ಭಾನುವಾರ. ರಾತ್ರಿಯಿಡೀ ಸುರಿದ ಮಳೆ ನಿಂತಿತ್ತು, ಮೋಡ ಮಾತ್ರ ಮನೆಗಳ ತಾರಸಿಯ ಮೇಲೆ ಕೂತ ಹಾಗಿತ್ತು. ನನ್ನ ಹೆಂಡತಿ ಲಲಿತ ಬಾಗಿಲಿಗೆ ಬೀಗ ಹಾಕಿ, ನನ್ನ ಸ್ಕೂಟರಿನ ಕೀಯನ್ನು ನನಗೆ ಕಾಣುವಂತೆಯೇ ತನ್ನ ಪರ್ಸಿಗೆ ಇಳಿಬಿಟ್ಟಳು.

"ಒಪ್ಪಂದ ನೆನಪಿದೆ ತಾನೇ? ಅದನ್ನೂ ಮರೆತ್ರಾ?"

ಒಪ್ಪಂದ ಇಷ್ಟು. ಕಳೆದ ಬೇಸಿಗೆಯಲ್ಲಿ ನಾನೊಬ್ಬನೇ ಹೆಬ್ಬಾಳದಲ್ಲಿ ಬಸ್ಸು ಹತ್ತಿ, ಹುಣಸಮಾರನಹಳ್ಳಿ ದಾಟಿ, ಒಣಗಿದ ಕೆರೆಯೊಂದರ ನಟ್ಟನಡುವೆ ಇಳಿದಿದ್ದೆ. ಅಲ್ಲೊಂದು ಬಸ್ ತಂಗುದಾಣವಿತ್ತು. ನಿವೃತ್ತನಾದ ಮೇಲೆ ಮನೆಯಲ್ಲಿ ಕೂರಲಾಗದೆ ಹೀಗೆ ಸಿಕ್ಕ ಬಸ್ಸು ಹತ್ತಿ ಕೊನೆಯ ಸ್ಟಾಪಿನವರೆಗೆ ಹೋಗಿಬರುವುದು ನನ್ನ ಅಭ್ಯಾಸ. ಆದರೆ ಕೆರೆಯ ಕಥೆಯನ್ನು ಮಾತ್ರ ಯಾರೂ ನಂಬಲಿಲ್ಲ. ಮೊಬೈಲಿನ ನಕಾಶೆಯಲ್ಲಿ ಅಂಥ ಸ್ಟಾಪಿಲ್ಲ. ನನ್ನ ಅಣ್ಣನಿಗೆ ಮರೆವಿನ ಕಾಯಿಲೆ ಶುರುವಾದದ್ದು ಇದೇ ವಯಸ್ಸಿನಲ್ಲಿ; ಅವನೂ ಮೊದಮೊದಲು ಇಲ್ಲದ ಜಾಗಗಳ ದಾರಿ ಹೇಳುತ್ತಿದ್ದ. ಹಾಗಾಗಿ ಲಲಿತ ಕೀ ಕಿತ್ತುಕೊಂಡು, ಸೋಮವಾರಕ್ಕೆ ಡಾಕ್ಟರ ಬಳಿ ಸಮಯ ಕೇಳಿಟ್ಟಿದ್ದಳು. ತಂಗುದಾಣ ಸಿಕ್ಕರೆ ಕೀ ವಾಪಸು, ಡಾಕ್ಟರು ರದ್ದು. ಸಿಗದಿದ್ದರೆ ತಕರಾರಿಲ್ಲದೆ ಅವಳ ಜೊತೆ ಹೋಗಬೇಕು.

ಒಂದು ವಿವರವನ್ನು ನಾನು ಅವಳಿಗೂ ಹೇಳಿರಲಿಲ್ಲ. ತಂಗುದಾಣದ ಒಳಗೋಡೆಯ ಮೇಲೆ ಯಾರೋ ನೀಲಿ ಬಣ್ಣದಲ್ಲಿ ಬಸ್ಸಿನ ಸಮಯ ಬರೆದಿದ್ದರು. ಕೊನೆಯಲ್ಲಿ ಒಂದು ಸಾಲು: 'ನೀರು ಬಂದ ಮೇಲೆ ಬಸ್ ಇಲ್ಲ.' ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವನು ನಾನು. ಇಷ್ಟು ಚೆಂದದ ವಿವರ ಕನಸಿನಿಂದ ಬಂದಿರಬಹುದೆಂದು ನನಗೇ ಗುಮಾನಿಯಿತ್ತು. ಅದನ್ನು ಬಾಯಿಬಿಟ್ಟು ಆಡಿರಲಿಲ್ಲ.

ಹೆಬ್ಬಾಳಕ್ಕೆ ಹನ್ನೆರಡು ರೂಪಾಯಿ, ಲಲಿತಳಿಗೆ ಉಚಿತ. "ಮೇಲಿಂದ ಹೋಗುತ್ತೆ, ಕೆಳಗೆ ಇಳಿಯೋರು ಈಗಲೇ ಇಳ್ಕೊಳಿ" ಎಂದು ಕಂಡಕ್ಟರು ಕೂಗಿದಾಗ ಫ್ಲೈಓವರಿನ ಬುಡದಲ್ಲಿ ಇಳಿದೆವು. ಅಲ್ಲಿ ಹೊಸ ವೇಳಾಪಟ್ಟಿ ಹಾಕಿದ್ದರು. ದಪ್ಪ ಅಕ್ಷರ, ಒಂದೊಂದು ಸ್ಟಾಪಿನ ಹೆಸರು, ಮೇಲೆ 'ಮಳೆಗಾಲದ ಸಮಯ' ಎಂಬ ತಲೆಬರಹ. ಕನ್ನಡಕವಿಲ್ಲದೆ ಓದಬಹುದಿತ್ತು. ನಮ್ಮ ಬಸ್ಸು ಹತ್ತು ಗಂಟೆಗೆ. ಬದಲಾದ ದಾರಿಯನ್ನು ಸ್ಪಷ್ಟವಾಗಿ ಬರೆದಿದ್ದರು. ಬಿಟ್ಟುಹೋದ ದಾರಿ ಯಾವುದೆಂದು ಬರೆದಿರಲಿಲ್ಲ.

"ನೋಡಿ, ಎಲ್ಲ ಸ್ಟಾಪೂ ಇದೆ. ನಿಮ್ಮದೊಂದೇ ಇಲ್ಲ" ಎಂದು ಲಲಿತ ಬೇಯಿಸಿದ ಕಡಲೆಕಾಯಿಯ ಪೊಟ್ಟಣವನ್ನು ನನ್ನ ಕೈಗಿತ್ತಳು.

ಬಸ್ಸು ಹತ್ತಿದ ಮೇಲೆ ಅವಳ ಆಧಾರ್ ಕಾರ್ಡು ಕಾಣೆಯಾಯಿತು. ಹಿಂದಿನ ಬಸ್ಸಿನಲ್ಲೇ ಬಿಟ್ಟೆನೆಂದು ಪರ್ಸನ್ನೆಲ್ಲ ತಡಕಾಡಿದಳು. ಕಾರ್ಡು ಅವಳ ಎಡಗೈಯಲ್ಲೇ ಇತ್ತು. ಕಂಡಕ್ಟರು, ಇಪ್ಪತ್ತೈದರ ಹುಡುಗ, ನಕ್ಕು ನನಗೆ ಇಪ್ಪತ್ತೆಂಟರ ಟಿಕೆಟ್ ಹರಿದ.

"ಕೆರೆ ಒಳಗೆ ಒಂದು ಸ್ಟಾಪಿತ್ತಲ್ಲ?" ಎಂದೆ.

"ಕೆರೆ ಒಳಗಾ? ಮೀನಿಗೆ ಸ್ಟಾಪ್ ಕೊಟ್ಟಿಲ್ಲ ಸಾರ್ ಇನ್ನೂ. ನಾನು ಈ ರೂಟಿಗೆ ಬಂದು ಎರಡೇ ತಿಂಗಳು. ಕೆರೆ ಏರಿ ಹತ್ರ ಇಳಿಸ್ತೀನಿ, ನೀವೇ ಹುಡ್ಕೊಳಿ."

ಲಲಿತ ಕಿಟಕಿಯ ಕಡೆ ತಿರುಗಿ ನಕ್ಕಳು. ಕೆಂಪಾಪುರದ ಅಪಾರ್ಟ್‌ಮೆಂಟುಗಳು, ಯಲಹಂಕದ ಮರಗಳು ಹಿಂದಾದವು. ವಿಮಾನ ನಿಲ್ದಾಣದ ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಮೇಲೆ ಬಸ್ಸಿನಲ್ಲಿ ಉಳಿದವರು ನಾವು ಮತ್ತು ನಿದ್ದೆ ಮಾಡುತ್ತಿದ್ದ ಇಬ್ಬರು. ಯಾವ ತಿರುವೂ ನನಗೆ ಗುರುತು ಸಿಗಲಿಲ್ಲ.

ಕೆರೆ ಏರಿಯ ಬಳಿ ನಮ್ಮನ್ನಿಳಿಸಿ ಬಸ್ಸು ಎಡಕ್ಕೆ ಸುತ್ತಿಕೊಂಡು ಹೋಯಿತು. ಅದರ ಸದ್ದು ಅಡಗಿದ ಮೇಲೆ ಬೇರೆ ಯಾವ ಸದ್ದೂ ಇರಲಿಲ್ಲ. ಕೆರೆ ತುಂಬಿತ್ತು, ಮೋಡದ ಬಣ್ಣದ ನೀರು. ನಾವು ನಿಂತಲ್ಲಿಂದ ಒಂದು ರಸ್ತೆ ನೇರವಾಗಿ ಇಳಿದು ನೀರಿನೊಳಕ್ಕೆ ಹೋಗಿತ್ತು. ಅಂಚಿನಲ್ಲಿ, ಗೇಣುದ್ದ ನೀರಿನ ಕೆಳಗೆ, ಚಕ್ರದ ಗುರುತುಗಳು ಇನ್ನೂ ಇದ್ದವು. ಅದರ ಪಕ್ಕದ ಕರೆಂಟು ಕಂಬಗಳೂ ಒಂದರ ಹಿಂದೊಂದು ಸೊಂಟದವರೆಗೆ, ಎದೆಯವರೆಗೆ ಮುಳುಗುತ್ತಾ ಹೋಗಿದ್ದವು. ಕೊನೆಯ ಕಂಬದಾಚೆ ಚಪ್ಪಟೆ ಕಾಂಕ್ರೀಟಿನ ಸೂರೊಂದು ನೀರಿನ ಮೇಲೆ ಕೂತಿತ್ತು. ಸೂರಿನ ಮೇಲೆ ನೀರುಕಾಗೆಯೊಂದು ರೆಕ್ಕೆ ಹರಡಿ ನಿಂತಿತ್ತು, ಬಸ್ಸಿಗೆ ಕಾಯುವವರ ಹಾಗೆ.

ಏರಿಯ ಮೇಲೆ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಕುಡುಗೋಲು ಹಿಡಿದೇ ಬಂದಳು.

"ಅದು ಬಸ್ಟಾಪೇ ಸಾಮಿ. ಕೆರೆ ಇನ್ನು ತುಂಬಾಕಿಲ್ಲ ಅಂದ್ಕಂಡು ಕಟ್ಟುದ್ರು. ಆಮ್ಯಾಲೆ ತುಂಬ್ತು. ಬ್ಯಾಸಗೇಲಿ ಬಸ್ಸು ಇಂಗೇ ಒಳಗಿಂದ ಓಯ್ತದೆ, ನೀರು ಬಂದ್ರೆ ಸುತ್ತಾಕ್ಕಂಡು." ಆಮೇಲೆ ಲಲಿತಳ ಕಡೆ ತಿರುಗಿ, "ಇವತ್ತು ಕೊಡೆ ತಂದಿದೀರಾ ಅಕ್ಕ? ಅವತ್ತು ಬಿಸ್ಲಾಗೆ ತಲೆ ಮ್ಯಾಲೆ ಸೆರಗು ಒದ್ಕಂಡು ಬಂದಿದ್ರಿ" ಎಂದಳು.

"ನಾನಾ? ನಾನು ಈ ಕಡೆಗೆ ಬಂದೇ ಇಲ್ಲಮ್ಮ. ಬಂದಿದ್ದು ಇವರೊಬ್ಬರೇ."

"ಇಬ್ರೂ ಬಂದಿದ್ರಲ್ಲ, ನೀರು ಕೊಟ್ಟಿದ್ದೆ." ಅವಳು ನಮ್ಮಿಬ್ಬರ ಮುಖವನ್ನೂ ಒಂದು ಗಳಿಗೆ ನೋಡಿದಳು. "ಬ್ಯಾರೆ ಯಾರೋ ಇರ್ಬೇಕು ಬುಡಿ."

ಬೇರೆ ಯಾರೋ ಇರಬೇಕು ಎಂದು ನಾನೂ ಅಂದುಕೊಂಡೆ. ಒಮ್ಮೆ ಕಂಡ ಮುಖಗಳ ಸಾಕ್ಷಿಯನ್ನು ಎಷ್ಟು ನಂಬಬಹುದೆಂದು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಅದಕ್ಕಿಂತ ಹೆಚ್ಚಾಗಿ, ನಾನು ಗೆದ್ದಿದ್ದೆ. ಎದೆ ಹಗುರಾಗಿತ್ತು. ಹೆಂಗಸು ಹುಲ್ಲಿನ ಕಡೆ ಹೋದ ಮೇಲೆ ಲಲಿತ ಪರ್ಸು ತೆಗೆದು ಕೀ ಚಾಚಿದಳು.

"ತಗೊಳ್ಳಿ. ನೀವೇ ಸರಿ. ಇನ್ನು ಊರಿಗೆಲ್ಲ ಡಂಗುರ ಹೊಡ್ಕೊಂಡು ಬನ್ನಿ."

"ಇರು, ಇಷ್ಟು ದೂರ ಬಂದಿದ್ದೀವಿ, ನನ್ನ ಸ್ಟಾಪಿಗೆ ಬಸ್ಸು ಬರುತ್ತಾ ನೋಡೋಣ" ಎಂದೆ ತಮಾಷೆಗೆ.

"ಎಲ್ಲಿಂದ ಬರುತ್ತೆ?" ಅವಳು ಕಡಲೆಕಾಯಿ ಸುಲಿಯುತ್ತಾ, ಆ ಸೂರನ್ನೇ ನೋಡುತ್ತಾ ಹೇಳಿದಳು. "ಒಳಗೆ ಗೋಡೆ ಮೇಲೆ ಬರೆದೇ ಇತ್ತಲ್ಲ, ನೀರು ಬಂದ ಮೇಲೆ ಬಸ್ ಇಲ್ಲ ಅಂತ."

ನಾನು ಅವಳ ಮುಖ ನೋಡಿದೆ. ಅವಳು ಸಿಪ್ಪೆಯನ್ನು ನೀರಿಗೆಸೆದು ಇನ್ನೊಂದು ಕಾಯಿ ತೆಗೆದುಕೊಂಡಳು. ಹೇಳಿದ್ದು ಅವಳ ಕಿವಿಗೇ ಬಿದ್ದಂತಿರಲಿಲ್ಲ.

"ನೀಲಿ ಬಣ್ಣದಲ್ಲಿ" ಎಂದೆ, ಮೆಲ್ಲಗೆ.

"ಏನು ನೀಲಿ?"

"ಏನಿಲ್ಲ."

ಹಿಂದಿರುಗುವ ಬಸ್ಸು ಬೋರ್ಡಿನಲ್ಲಿದ್ದ ಸಮಯಕ್ಕೇ ಬಂತು. ತುಂತುರು ಶುರುವಾಗಿತ್ತು. ಲಲಿತ ಕಿಟಕಿಯ ಪಕ್ಕ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾಳೆ ಬೆಳಿಗ್ಗೆ ಡಾಕ್ಟರ್‌ಗೆ ಫೋನ್ ಮಾಡಿ ಬೇಡ ಅನ್ನಬೇಕು. ನೆನಪು ಮಾಡಿ."

"ಬೇಡ. ಹೋಗಿ ಬರೋಣ."

"ಗೆದ್ರಲ್ಲ, ಇನ್ಯಾಕ್ರೀ?"

"ಇಬ್ಬರೂ ತೋರಿಸ್ಕೊಂಡು ಬರೋಣ."

"ನನಗೇನಾಗಿದೆ?" ಎಂದು ನಕ್ಕು, ನನ್ನ ಭುಜಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದಳು.

ಬಸ್ಸು ಏರಿಯನ್ನು ಸುತ್ತುವಾಗ ಹಿಂದಿನ ಗಾಜಿನಲ್ಲಿ ಆ ಸೂರು ಒಂದು ಸಲ ಕಾಣಿಸಿತು. ನೀರುಕಾಗೆ ಹಾರಿಹೋಗಿತ್ತು. ಕಳೆದ ಬೇಸಿಗೆಯ ಆ ಮಧ್ಯಾಹ್ನವನ್ನು ಮತ್ತೆ ನೆನಪಿಗೆ ತಂದುಕೊಳ್ಳಲು ನೋಡಿದೆ. ಬಿಸಿಲು, ಬಿರುಕುಬಿಟ್ಟ ನೆಲ, ನೀಲಿ ಅಕ್ಷರ, ಕಲ್ಲಿನ ಬೆಂಚು, ಎಲ್ಲವೂ ಬಂದವು. ಬೆಂಚಿನ ಮೇಲೆ ನಾನೊಬ್ಬನೇ ಇದ್ದೆ. ಆದರೆ ಒಂದು ತುದಿಗೆ ಸರಿದು ಕೂತಿದ್ದೆ, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು.