ಬಾಗಿಯ ಕಲ್ಲು, ಆಟಿಯ ಜೈಲು

ಬಂದರಿನ ಹಂಚಿನ ಗೋದಾಮಿನ ಎದುರು, ರಸ್ತೆಯ ಅಂಚಿಗೆ, ಒಂದು ಕರಿ ಚಪ್ಪಡಿ ಕಲ್ಲಿತ್ತು. ಎಂಟು ಮೊಳ ಉದ್ದ, ನಾಲ್ಕು ಮೊಳ ಅಗಲ. ಅದರ ಕಾವಿನ ಬಗ್ಗೆ ಹೇಳಿದರೆ ನೀವು ಸುಳ್ಳು ಅನ್ನುತ್ತೀರಿ, ಆದರೂ ಹೇಳುತ್ತೇನೆ. ಬೆಳಿಗ್ಗೆ ಎಂಟಕ್ಕೆ ಅದರ ಮೇಲೆ ಹರಡಿದ ಬಂಗುಡೆ ಮೀನು ಸಂಜೆಯೊಳಗೆ ಎಷ್ಟು ಗಟ್ಟಿಯಾಗುತ್ತಿತ್ತೆಂದರೆ, ಮನೆ ಬಾಗಿಲಿಗೆ ಅದನ್ನೇ ಅಗುಳಿ ಹಾಕಿ ಮಲಗಬಹುದಿತ್ತು. ವಾಸನೆಯೂ ಹಾಗೆಯೇ. ಮಂಜು ಮುಸುಕಿದ ದಿನ ದ್ವೀಪದ ಕಡೆಯ ಹಾಯಿಹಡಗುಗಳು ದೀಪಸ್ತಂಭವನ್ನು ನಂಬದೆ, ಮೂಗು ತೋರಿಸಿದ ದಾರಿಯಲ್ಲೇ ಅಳಿವೆಯೊಳಗೆ ಬರುತ್ತಿದ್ದವು.

ಕಲ್ಲು ಸರಕಾರದ್ದು, ಮೀನು ಬಾಗಿಯದ್ದು.

ಬಾಗಿ ಮೊಗವೀರರ ಹೆಂಗಸು. ಗಂಡನನ್ನು ಕಡಲು ತೆಗೆದುಕೊಂಡಿತ್ತು. ಅತ್ತೆ ಸಾಯುವಾಗ ಸೊಸೆಗೆ ಬಿಟ್ಟುಹೋದದ್ದು ಒಂದು ಬುಟ್ಟಿ, ಒಂದು ಬಾಯಿ ಮತ್ತು ಈ ಕಲ್ಲು. ರಸ್ತೆಯಲ್ಲಿ ಮೀನು ಒಣಗಿಸುವ ಹೆಂಗಸರು ನಲವತ್ತು ಮಂದಿ. ಅವರೊಳಗೆ ಒಂದು ಕಟ್ಟಳೆ ಇತ್ತು: ಯಾರ ಜಾಗ ಏಳು ಬಿಸಿಲಿನ ದಿನ ಸತತ ಖಾಲಿ ಬಿತ್ತೋ, ಎಂಟನೆಯ ದಿನ ಅದು ಮೊದಲು ಬುಟ್ಟಿ ಇಳಿಸಿದವಳಿಗೆ. ಅದಕ್ಕೆ ಅಪೀಲು ಇಲ್ಲ. ಬಾಗಿಯ ಕಲ್ಲಿನ ಮೇಲೆ ಮೂವತ್ತೊಂಬತ್ತು ಜೋಡಿ ಕಣ್ಣುಗಳಿದ್ದವು. ಹೆರಿಗೆಯಾದ ಆರನೆಯ ದಿನ ಅವಳು ಎದ್ದು ಬಂದು ಕಲ್ಲಿನ ಮೇಲೆ ಒಂದೇ ಒಂದು ಬೂತಾಯಿ ಮೀನಿಟ್ಟು ಮನೆಗೆ ಹೋಗಿ ಮತ್ತೆ ಮಲಗಿದ್ದಳು.

ರಸ್ತೆಯಲ್ಲಿ ಮೀನು ಒಣಗಿಸುವುದು ಅಪರಾಧ. ಹಿಡಿಯುವ ಕೆಲಸ ನಮ್ಮ ಕಚೇರಿಯದ್ದು. ಯಾವ ಕಚೇರಿ ಎಂದು ಕೇಳಬೇಡಿ, ಅದರ ಪಿಂಚಣಿಯಲ್ಲೇ ನನ್ನ ಗಂಜಿ. ದಂಡದ ರಶೀದಿ ಬರೆಯುತ್ತಿದ್ದವ ನಾನು. ದಂಡ ಎಂಟಾಣೆ. ತಿಂಗಳಿಗೆ ಎರಡು ಸಲ ಸಿಕ್ಕಿಬಿದ್ದರೆ ಒಂದು ರೂಪಾಯಿ. ಕಾನೂನಿನಂತೆ ನಡೆಯುವವರಿಗೆ ಹೊಳೆಬದಿಯಲ್ಲಿ ಸರಕಾರಿ ಅಂಗಳ ಒಂದಿತ್ತು. ಅದರ ಬಾಡಿಗೆ ತಿಂಗಳಿಗೆ ಎರಡು ರೂಪಾಯಿ. ಬಿಸಿಲು ಬೀಳದ ಆ ಜಾಗದಲ್ಲಿ ಮೀನಿಗಿಂತ ಮೊದಲು ಮನುಷ್ಯನಿಗೇ ಬೂಸಲು ಹಿಡಿಯುತ್ತಿತ್ತು. ಹಾಗಾಗಿ ಬಾಗಿ ದಂಡವನ್ನು ದಂಡ ಎಂದು ಕರೆದವಳೇ ಅಲ್ಲ.

"ಬಾಡಿಗೆ ತಂದಿದ್ದೇನೆ, ಚೀಟಿ ಕೊಡಿ," ಅನ್ನುತ್ತಿದ್ದಳು.

"ಇದು ದಂಡ ಮಾರಾಯ್ತಿ, ನಾಚಿಕೆ ಇಲ್ಲವಾ?"

"ನಾಚಿಕೆಗೆ ಬೇರೆ ಎಂಟಾಣೆ ಉಂಟಾ?"

ಚೀಟಿಗಳನ್ನೆಲ್ಲ ಅವಳು ಒಂದು ಬಟ್ಟೆಯಲ್ಲಿ ಕಟ್ಟಿಡುತ್ತಿದ್ದಳು. ಆ ಗಂಟನ್ನು ತಲೆಯಡಿ ಇಟ್ಟು ಮಲಗುತ್ತಾಳೆಂದು ಊರೆಲ್ಲ ಹೇಳುತ್ತಿತ್ತು.

ಮೂವತ್ತಾರನೆಯ ಇಸವಿಯಲ್ಲಿ ಇಸಿದೋರ್ ಎಂಬವರು ನಮ್ಮಲ್ಲಿಗೆ ಇನ್ಸ್‌ಪೆಕ್ಟರಾಗಿ ಬಂದರು. ಶುದ್ಧ ಮನುಷ್ಯ. ಅವರ ಕೋಟಿನ ಇಸ್ತ್ರಿಯ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು. ರಿಜಿಸ್ಟರು ನೋಡಿದವರೇ ತಲೆ ಹಿಡಿದುಕೊಂಡರು.

"ಎಂತದು ಇದು? ಒಬ್ಬಳೇ ಹೆಂಗಸು, ವರ್ಷಕ್ಕೆ ಹದಿನೆಂಟು ಕೇಸು. ಇವಳಿಗೆ ನೋವೇ ಆಗುವುದಿಲ್ಲ ಮಾರಾಯ್ರೇ. ನೋವಾಗುವ ಹಾಗೆ ಮಾಡುವ."

ಮೇಲಿನವರಿಗೆ ಬರೆದು ದಂಡವನ್ನು ಐದು ರೂಪಾಯಿ ಮಾಡಿಸಿದರು. ಕೊಡದಿದ್ದರೆ ಏಳು ದಿನ ಜೈಲು. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು. ಇಸಿದೋರರು ಮರೆತದ್ದು ಒಂದೇ, ರಸ್ತೆ ಸುತ್ತಿ ಕೇಸು ಬರೆದು ತರುವ ಪ್ಯೂನ್ ಪೂವಪ್ಪನನ್ನು.

ಎಂಟಾಣೆಯ ದಂಡ ತಪ್ಪಿಸಲು ಲಂಚ ಕೊಡುವ ಮಂಕು ಯಾರೂ ಇರಲಿಲ್ಲವಾದ್ದರಿಂದ, ಪೂವಪ್ಪ ಅಷ್ಟು ವರ್ಷ ಬೇರೆ ದಾರಿಯಿಲ್ಲದೆ ಪ್ರಾಮಾಣಿಕನಾಗಿದ್ದ. ದಂಡ ಐದಾದ ದಿನದಿಂದ ಅವನ ಕಣ್ಣಿಗೆ ಬೆಲೆ ಬಂತು. ನಾಲ್ಕಾಣೆ ಕೊಟ್ಟವಳ ಮೀನು ಅವನಿಗೆ ಕಾಣುತ್ತಿರಲಿಲ್ಲ; ಎಂಟಾಣೆ ಕೊಟ್ಟರೆ ಅವಳೂ ಕಾಣುತ್ತಿರಲಿಲ್ಲ. ಎರಡೇ ತಿಂಗಳಲ್ಲಿ ರಿಜಿಸ್ಟರು ಬಿಳಿಯಾಯಿತು. ರಸ್ತೆಯಲ್ಲಿ ಮೊದಲಿನ ಎರಡರಷ್ಟು ಮೀನು. ಇಸಿದೋರರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ "ಬಂದರಿನಲ್ಲಿ ಅಪರಾಧ ಅಳಿದಿದೆ" ಎಂದು ಮೇಲಕ್ಕೆ ವರದಿ ಬರೆದರು.

ಪೂವಪ್ಪ ಬಾಗಿಯ ಹತ್ತಿರವೂ ಬಂದ.

"ಬಾಗಿಯಕ್ಕ, ನಾಲ್ಕಾಣೆ. ನಿನಗೆ ಲಾಭವೇ ಅಲ್ಲವಾ?"

"ಚೀಟಿ ಕೊಡ್ತಿಯಾ?"

"ಇದಕ್ಕೆಲ್ಲ ಚೀಟಿ ಉಂಟಾ?"

"ರಸ್ತೆ ಹಾಕಿದ್ದು ನಿನ್ನ ಅಪ್ಪನಾ?"

"ಅಲ್ಲ."

"ಕಲ್ಲು?"

"ಅಲ್ಲ ಮಾರಾಯ್ತಿ."

"ಹಾಗಾದರೆ ನಿನಗೆಂತ ಬಾಡಿಗೆ? ಹೋಗು, ಕೇಸು ಬರೆ. ನನ್ನ ಹೆಸರು ಬಾಗಿ, ಮರೆತರೆ ಬಂದು ಕೇಳು."

ಪಕ್ಕದಲ್ಲಿ ಒಣಗಿಸುತ್ತಿದ್ದ ಬೀಫಾತಿಮ್ಮ ಬುದ್ಧಿ ಹೇಳಿದಳು: "ಕೊಟ್ಟು ಮುಗಿಸು ಬಾಗಿ. ನಾವೆಲ್ಲ ಕೊಡುವುದಿಲ್ಲವಾ?" ಬಾಗಿ ಮೀನು ಮಗುಚಿ ಹಾಕಿದಳು.

ಹದಿನೈದು ದಿನದಲ್ಲಿ ಮೂರು ಕೇಸು ಬಿತ್ತು, ಮೂರೂ ಅವಳದ್ದೇ. ಹದಿನೈದು ರೂಪಾಯಿ, ಇಲ್ಲವಾದರೆ ಇಪ್ಪತ್ತೊಂದು ದಿನ. ಹದಿನೈದು ರೂಪಾಯಿ ಅವಳ ಹತ್ತಿರ ಇರಲಿಲ್ಲ. ಕೋರ್ಟಿನ ತಾರೀಕು ಬಿದ್ದದ್ದು ಮೇ ತಿಂಗಳ ಮೊದಲ ವಾರ, ಕಾಗೆಗಳು ನೆರಳಿಗಾಗಿ ಜನರ ಕೊಡೆಯೊಳಗೆ ನುಗ್ಗುವ ಬಿಸಿಲು. ಮಳೆಗೆ ಇನ್ನೂ ಒಂದು ತಿಂಗಳಿತ್ತು. ಇಪ್ಪತ್ತೊಂದು ಬೇಡ, ಏಳೇ ದಿನ ಒಳಗೆ ಕೂತರೂ ಎಂಟನೆಯ ದಿನ ಅತ್ತೆಯ ಕಲ್ಲು ಪರರ ಪಾಲು. ಅದು ಬಂದರಿನ ನಾಯಿಗೂ ಗೊತ್ತಿತ್ತು.

ರಿಜಿಸ್ಟರು ಹೊತ್ತು ನಾನೂ ಕೋರ್ಟಿಗೆ ಹೋಗಿದ್ದೆ. ಮ್ಯಾಜಿಸ್ಟ್ರೇಟರು ವಯಸ್ಸಾದವರು, ಗೂರಲಿನವರು.

"ತಪ್ಪು ಒಪ್ಪುತ್ತೀಯಾ?"

"ಒಪ್ತೇನೆ ಸ್ವಾಮಿ. ಜೈಲಿಗೂ ಹೋಗ್ತೇನೆ. ಆದರೆ ಈಗ ಆಗುವುದಿಲ್ಲ. ಆಟಿಯಲ್ಲಿ ಹೋಗ್ತೇನೆ."

ಕೋರ್ಟಿನಲ್ಲಿ ಪಂಖ ಎಳೆಯುವವನೂ ಕೈ ನಿಲ್ಲಿಸಿದ. ಆಟಿ ಎಂದರೆ ಜುಲಾಯಿ ಆಗಸ್ಟಿನ ನಡುವಿನ ತುಳು ತಿಂಗಳು. ಕಡಲಿಗೆ ದೋಣಿ ಇಳಿಯುವುದಿಲ್ಲ, ಮಳೆ ನಿಲ್ಲುವುದಿಲ್ಲ, ಬಡವರ ಮನೆಯ ಒಲೆ ದಿನ ಬಿಟ್ಟು ದಿನ ಉರಿಯುತ್ತದೆ.

"ಶಿಕ್ಷೆ ನಿನ್ನ ಅನುಕೂಲಕ್ಕೆ ಕೊಡುವುದಲ್ಲ," ಎಂದರು ಮ್ಯಾಜಿಸ್ಟ್ರೇಟರು.

"ಕಾಗದದಲ್ಲಿ ಏಳು ದಿನ ಅಂತ ಉಂಟು. ಯಾವ ಏಳು ಅಂತ ಇಲ್ಲ. ಈಗಿನ ಏಳು ದಿನ ಅಂದರೆ ನನ್ನ ಕಲ್ಲು, ನನ್ನ ಹೊಟ್ಟೆ, ನನ್ನ ಮುಂದಿನ ಇಪ್ಪತ್ತು ವರ್ಷ. ರಸ್ತೆಯಲ್ಲಿ ನಾಲ್ಕು ಮೀನು ಇಟ್ಟದ್ದಕ್ಕೆ ಅಷ್ಟಾ ಸ್ವಾಮಿ? ಆಟಿಯಲ್ಲಿ ಬಿಸಿಲಿಲ್ಲ, ಕಲ್ಲಿನ ದಿನ ಲೆಕ್ಕಕ್ಕೆ ಬರುವುದಿಲ್ಲ. ನೀವು ಹೇಳಿದಷ್ಟು ದಿನ ಕೂತ್ಕೊಳ್ತೇನೆ. ಊಟದಲ್ಲಿ ಮಾತ್ರ ನಾನು ಸ್ವಲ್ಪ ಧಾರಾಳ, ಅದು ಮೊದಲೇ ಹೇಳಿದ್ದೇನೆ."

ಇಸಿದೋರರು ಎದ್ದರು. "ಯುವರ್ ಆನರ್, ಇಡೀ ಬಂದರಿನಲ್ಲಿ ಕಾನೂನು ಮೀರುವವಳು ಇವಳೊಬ್ಬಳೇ."

ಬಾಗಿ ಅವರ ಕಡೆ ತಿರುಗಿದಳು. "ಇನ್ಸ್‌ಪೆಕ್ಟರ್ ಪೊರ್ಬುಗಳೇ, ಹೋದ ವರ್ಷ ನಾವು ನಲವತ್ತು ಮಂದಿ ಇದ್ದೆವು. ಈ ವರ್ಷ ನಾನೊಬ್ಬಳೇ. ಉಳಿದವರು ಸತ್ತರೆಂದು ನೀವು ಬೊಜ್ಜ ಮಾಡಿಸಿದ್ದೀರಾ? ಒಮ್ಮೆ ಗಾಳಿ ಮೂಸಿ ನೋಡಿ." ಸೊಂಟದ ಗಂಟು ಬಿಚ್ಚಿ ಮೇಜಿನ ಮೇಲೆ ಚೀಟಿಗಳ ರಾಶಿ ಸುರಿದಳು. "ನಾನು ಸರಕಾರಕ್ಕೆ ಕೊಟ್ಟದ್ದು ಇದು. ಈಗ ಅವರೆಲ್ಲ ಕೊಡುವುದಕ್ಕೆ ಚೀಟಿ ಇಲ್ಲ. ಯಾರಿಗೆ ಕೊಡ್ತಾರೆ ಅಂತ ನಾನು ಹೇಳುವುದಿಲ್ಲ. ಪೂವಪ್ಪನ ಹೊಸ ಸೈಕಲ್ ಹೇಳ್ತದೆ."

ಬಾಗಿಲ ಹತ್ತಿರ ನಿಂತಿದ್ದ ಪೂವಪ್ಪನಿಗೆ ಆ ಕ್ಷಣವೇ ಹೊರಗೆ ಏನೋ ಕೆಲಸ ನೆನಪಾಯಿತು.

ಮ್ಯಾಜಿಸ್ಟ್ರೇಟರು ನನ್ನ ಕೈಯಿಂದ ಎರಡು ವರ್ಷದ ರಿಜಿಸ್ಟರು ತರಿಸಿ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ, ಗೂರಲನ್ನೂ ಲೆಕ್ಕಿಸದೆ ಉದ್ದಕ್ಕೆ ಉಸಿರೆಳೆದರು. ಗಾಳಿ ಬಂದರಿನ ಕಡೆಯಿಂದಲೇ ಬೀಸುತ್ತಿತ್ತು. ಅವರು ಕೆಮ್ಮಿದ ಕೆಮ್ಮು ಹೊಳೆಯಾಚೆಯ ಉಳ್ಳಾಲಕ್ಕೆ ಕೇಳಿಸಿತಂತೆ.

"ರಿಜಿಸ್ಟರು ಪರಿಶೀಲಿಸಲು ಸಮಯ ಬೇಕು," ಎಂದರು. "ತೀರ್ಪು ಜುಲಾಯಿ ಇಪ್ಪತ್ತಕ್ಕೆ."

ಜುಲಾಯಿ ಇಪ್ಪತ್ತು ಎಂದರೆ ಆಟಿ ಹುಟ್ಟಿ ನಾಲ್ಕು ದಿನ. ಬಾಗಿ ಚಾಪೆ ಸುತ್ತಿಕೊಂಡು, ಮಗಳನ್ನು ಬೀಫಾತಿಮ್ಮನ ಮನೆಯಲ್ಲಿ ಬಿಟ್ಟು ಬಂದಳು. ಹದಿನೈದು ರೂಪಾಯಿ ಇಲ್ಲವೇ ಇಪ್ಪತ್ತೊಂದು ದಿನ ಎಂದು ತೀರ್ಪು ಓದುತ್ತಿದ್ದಂತೆ ಪೋಲೀಸನಿಗಿಂತ ಮುಂದೆ ನಡೆದಳು. ಒಳಗೆ ಅವಳು ತಿಂದ ಅನ್ನಕ್ಕೆ ಘಟ್ಟದ ಮೇಲಿನಿಂದ ಅಕ್ಕಿ ತರಿಸಬೇಕಾಯಿತು ಎಂದು ವಾರ್ಡರು ನನ್ನ ಹತ್ತಿರ ಹೇಳಿದ್ದಾನೆ. ಅವನು ನನಗಿಂತ ದೊಡ್ಡ ಸುಳ್ಳ, ಆದರೆ ಹೊರಗೆ ಬಂದಾಗ ಅವಳ ಕೆನ್ನೆ ತುಂಬಿದ್ದು ನಾನು ಕಣ್ಣಾರೆ ಕಂಡದ್ದು.

ಅಷ್ಟರಲ್ಲಿ ಮ್ಯಾಜಿಸ್ಟ್ರೇಟರ ಪತ್ರ ಮೇಲಿನವರಿಗೆ ಹೋಗಿ, ದಂಡ ಮತ್ತೆ ಎಂಟಾಣೆಗೆ ಇಳಿದಿತ್ತು. ಪೂವಪ್ಪ ಸೈಕಲ್ ಮಾರಿ ಪುನಃ ಪ್ರಾಮಾಣಿಕನಾದ.

ಮಳೆ ಬಿಟ್ಟ ಮೊದಲ ಬಿಸಿಲಿಗೆ ಬಾಗಿ ಕಲ್ಲಿನ ಮೇಲೆ ಬಂಗುಡೆ ಹರಡಿದಳು. ಈ ಸಲ ಕೇಸು ಬರೆದದ್ದು ಸ್ವತಃ ಇಸಿದೋರರು. ಮಧ್ಯಾಹ್ನ ಅವಳು ಕಚೇರಿಗೆ ಬಂದು ಎಂಟಾಣೆಯನ್ನು ನನ್ನ ಮೇಜಿನ ಮೇಲಿಟ್ಟಳು. ನಾನು ಚೀಟಿ ಬರೆದುಕೊಟ್ಟೆ. ಅವಳು ಅದನ್ನು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟಳು.

"ಎಂತ ಬರೆದಿದ್ದೀರಿ, ಓದಿ."

"ರಸ್ತೆಯಲ್ಲಿ ಮೀನು ಒಣಗಿಸಿದ್ದಕ್ಕೆ."

"ರಸ್ತೆ ಅಂದರೆ ಯಾವುದು? ಗೋದಾಮಿನ ಎದುರಿನ ಕರಿ ಕಲ್ಲು, ಎಂಟು ಮೊಳ, ಬಾಗಿಯದ್ದು ಅಂತ ಬರೆಯಿರಿ. ನಾಳೆ ಯಾರಾದರೂ ತಕರಾರು ತೆಗೆದರೆ?"

ನಾನು ಪಕ್ಕದ ಮೇಜಿನಲ್ಲಿದ್ದ ಇಸಿದೋರರ ಮುಖ ನೋಡಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿದರು, ಮತ್ತೆ ತೆಗೆದರು.

"ಬರೆಯಿರಿ ಮಾರಾಯ್ರೇ," ಎಂದರು.

ಬರೆದೆ. ಅವಳು ಮಸಿ ಆರುವವರೆಗೆ ಊದಿ, ಗಂಟಿಗೆ ಸೇರಿಸಿ, ಮೀನು ಮಗುಚಲು ಹೋದಳು.