ಚಾರ್ಟ್ ಹಿಡಿಯುವವಳು

ಜಾಣ ಹುಡುಗಿಗೆ ಯಾರೂ ತೊಂದರೆ ಕೊಡಬಾರದೆಂದು ಎರಡು ವರ್ಷ ಅವಳನ್ನು ಮುಂದಿನ ಬೆಂಚಿನಲ್ಲಿ ಒಬ್ಬಳನ್ನೇ ಕೂಡಿಸಿದವನು ನಾನು. ಬ್ಯಾಡಗಿಯ ಹೈಸ್ಕೂಲೊಂದರಲ್ಲಿ ಆಗ ವಿಜ್ಞಾನ ಕಲಿಸುತ್ತಿದ್ದೆ. ಇವಳು ಯಾರೊಂದಿಗೂ ಬೆರೆಯುವುದಿಲ್ಲವಲ್ಲ ಎಂದು ಪಾಲಕರ ಸಭೆಯಲ್ಲಿ ಆಶ್ಚರ್ಯಪಟ್ಟವನೂ ನಾನೇ.

ಒಂಬತ್ತನೆಯ ತರಗತಿಯಲ್ಲಿ ಅವಳು ಮೆಣಸಿನಕಾಯಿ ಎಷ್ಟು ಒಣಗಿದೆ ಎಂದು ತೋರಿಸುವ ಮೀಟರ್ ಮಾಡಿದಳು. ಬಿಡಿಭಾಗಗಳನ್ನು ರಾಣೆಬೆನ್ನೂರಿನಿಂದ ನಾನು ತಂದುಕೊಟ್ಟಿದ್ದೆ. ಹಾವೇರಿಯ ವಿಜ್ಞಾನ ಪ್ರದರ್ಶನಕ್ಕೆ ಇಬ್ಬರು ಬೇಕೆಂಬ ನಿಯಮವಿತ್ತು. ಮನೆಯಲ್ಲಿ ಮೆಣಸಿನಕಾಯಿ ಬೆಳೆಯುವ ಹುಡುಗಿಯೊಬ್ಬಳನ್ನು ಜೊತೆಗೆ ಹಾಕಿದೆ. ಜಾಣೆ ಅವಳಿಗೆ ಚಾರ್ಟ್ ಹಿಡಿಯುವ ಕೆಲಸ ಕೊಟ್ಟಳು.

ಹೊರಡುವ ಹಿಂದಿನ ದಿನ ಚಾರ್ಟಿನವಳು ಬಂದು ತಾನು ಬರುವುದಿಲ್ಲ ಎಂದಳು.

"ಚಾರ್ಟ್ ಹಿಡಿಯಾಕ ಒಂದು ಮೊಳಿ ಸಾಕ್ರಿ ಸರ್."

ಮೊಳೆಯಾದರೆ ನಡುವೆ ಮಾತನಾಡುವುದಿಲ್ಲ ಎಂದು ಜಾಣೆ ಒಪ್ಪಿಕೊಂಡಳು. ಹೀಗೇ ಅಂದಳೋ, ಈಗ ನಾನು ಸೇರಿಸುತ್ತಿದ್ದೇನೋ. ಒಪ್ಪಿದ್ದಂತೂ ನಿಜ. ಅವಳನ್ನು ನೀನೇ ಹೋಗಿ ಕರೆದುಕೊಂಡು ಬಾ, ಇಲ್ಲವಾದರೆ ಮೀಟರ್ ಕಪಾಟಿನಲ್ಲೇ ಇರುತ್ತದೆ ಎಂದೆ. ಏನು ಹೇಳಿ ಕರೆದಳೋ ತಿಳಿಯದು. ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಇದ್ದರು. ಬಸ್ಸಿನಲ್ಲಿ ನಡುವೆ ಮೀಟರಿನ ಡಬ್ಬ ಇಟ್ಟುಕೊಂಡು ಕೂತರು.

ಹಾವೇರಿಯಲ್ಲಿ ತೀರ್ಪುಗಾರರು, ಮೀಟರ್ ಸರಿಯಾಗಿಯೇ ತೋರಿಸುತ್ತದೆಂದು ಹೇಗೆ ಗೊತ್ತು ಎಂದು ಕೇಳಿದರು. ಕಾಯಿಯನ್ನು ಪೂರ್ತಿ ಒಣಗಿಸಿ, ಮೊದಲಿನ ತೂಕ, ಆಮೇಲಿನ ತೂಕ ಹೋಲಿಸಬೇಕಿತ್ತು. ಅದನ್ನು ಹೇಳಿಕೊಡಲು ನಾನು ಮರೆತಿದ್ದೆ. ಜಾಣೆ ನನ್ನತ್ತ ನೋಡಲಿಲ್ಲ. ಚಾರ್ಟಿನವಳ ಕಡೆ ತಿರುಗಿದಳು.

"ನನಗ ಗೊತ್ತಿಲ್ಲ. ನಿನಗ ಗೊತ್ತೈತೇನ?"

ಆ ಎರಡು ವರ್ಷಗಳಲ್ಲಿ ಗೊತ್ತಿಲ್ಲ ಎಂದು ಅವಳು ಅಂದದ್ದನ್ನು ನಾನು ಕೇಳಿರಲಿಲ್ಲ. ಚಾರ್ಟಿನವಳು ಚಾರ್ಟ್ ಕೆಳಗಿಟ್ಟು, ಪರೀಕ್ಷೆಗೆ ತಂದಿದ್ದ ಕಾಯಿಗಳಲ್ಲಿ ಒಂದನ್ನು ತೆಗೆದು ತೀರ್ಪುಗಾರರ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಣಗಿದ್ದರೆ ಒಳಗೆ ಬೀಜ ಸದ್ದು ಮಾಡುತ್ತದೆ, ಹಸಿ ಇದ್ದರೆ ಇಲ್ಲ ಎಂದು ವಿವರಿಸಿದಳು. ಅವರು ಏನೋ ಬರೆದುಕೊಂಡು ಮುಂದಿನ ಟೇಬಲ್ಲಿಗೆ ಹೋದರು. ಬಹುಮಾನ ಬಂತೆಂದು ಕೆಲವರಿಗೆ ಹೇಳಿದ್ದೇನೆ. ಬರಲಿಲ್ಲ.

ವಾಪಸು ಬರುವಾಗ ಡಬ್ಬ ನನ್ನ ತೊಡೆಯ ಮೇಲಿತ್ತು. ಹಿಂದಿನ ಸೀಟಿನಲ್ಲಿ ಜಾಣೆ ಒಂದೊಂದೇ ಕಾಯಿ ಅಲ್ಲಾಡಿಸಿ, ಇದು ಒಣಗಿದೆ, ಇದು ಹಸಿ ಎನ್ನುತ್ತಿದ್ದಳು. ಬಸ್ಸಿನ ಸದ್ದಿನಲ್ಲಿ ಎಲ್ಲವೂ ತಪ್ಪಾಗುತ್ತಿತ್ತು.

"ಕಿವಿ ಮನ್ಯಾಗ ಇಟ್ಟು ಬಂದೀಯೇನ?" ಎಂದಳು ಮತ್ತೊಬ್ಬಳು.

ಜಾಣೆ ನಕ್ಕಳು ಎಂದು ಬರೆದು ಹೊಡೆದುಹಾಕಿದ್ದೇನೆ. ನಗಲಿಲ್ಲ. ಇನ್ನೊಂದು ಕೊಡು ಎಂದು ಕೈ ಚಾಚಿದಳು.